ತಜ್ಞರು ದೂರದಲ್ಲಿ, ಆರೈಕೆ ಹತ್ತಿರದಲ್ಲಿ

ಹಳ್ಳಿಯಿಂದ ಆಸ್ಪತ್ರೆಗೆ ಇರುವ ದೂರವನ್ನು ಕಿಲೋಮೀಟರುಗಳಲ್ಲಿ ಮಾತ್ರ ಅಳೆದರೆ ಅದರ ನಿಜವಾದ ಭಾರ ತಿಳಿಯುವುದಿಲ್ಲ. ದಿನಕ್ಕೆ ಎರಡೇ ಬಾರಿ ಬರುವ ಬಸ್ಸು, ರೋಗಿ ಕಳೆದುಕೊಳ್ಳುವ ಒಂದು ದಿನದ ಕೂಲಿ, ಜೊತೆಗೆ ಹೋಗಬೇಕಾದವರ ಇನ್ನೊಂದು ದಿನದ ಕೂಲಿ, ಮನೆಯಲ್ಲಿ ಬಿಟ್ಟುಹೋಗುವ ಮಕ್ಕಳ ಮತ್ತು ದನಕರುಗಳ ಚಿಂತೆ, ಜಿಲ್ಲಾ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಕಳೆಯುವ ಹೊತ್ತು, ಇಷ್ಟೆಲ್ಲ ಆದ ಮೇಲೂ ತಜ್ಞರು ಆ ದಿನ ರಜೆಯಲ್ಲಿರಬಹುದೆಂಬ ಅಳುಕು, ಇವೆಲ್ಲ ಸೇರಿ ಕಾಯಿಲೆಯನ್ನು ನಾಳೆಗೆ ಮುಂದೂಡಲು ಬಡವರನ್ನು ಒತ್ತಾಯಿಸುತ್ತವೆ. ವೈದ್ಯರನ್ನೂ ರೋಗಿಯನ್ನೂ ಒಂದೇ ಕೋಣೆಗೆ ತರದೆ, ದೂರಸಂಪರ್ಕದ ನೆರವಿನಿಂದ ಸಲಹೆ, ರೋಗನಿರ್ಣಯ ಮತ್ತು ಚಿಕಿತ್ಸೆಯ ನಿರ್ದೇಶನವನ್ನು ಒದಗಿಸುವ ಟೆಲಿಮೆಡಿಸಿನ್ ಅಥವಾ ದೂರವೈದ್ಯ ಪದ್ಧತಿಯು ಈ ಭಾರವನ್ನು ಇಳಿಸಬಲ್ಲದೆಂಬ ನಿರೀಕ್ಷೆ ಕಳೆದ ಎರಡೂವರೆ ದಶಕಗಳಿಂದ ಭಾರತದಲ್ಲಿ ಬೆಳೆಯುತ್ತ ಬಂದಿದೆ. ಆ ನಿರೀಕ್ಷೆ ಎಲ್ಲಿ ಈಡೇರಿತು, ಎಲ್ಲಿ ಈಡೇರಲಿಲ್ಲ ಎಂಬುದನ್ನು ಪರಿಶೀಲಿಸಲು ಕರ್ನಾಟಕದ ಅನುಭವವೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಈ ಪದ್ಧತಿಯ ಮೂಲ ಕಲ್ಪನೆ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಸಿಜಿ ಯಂತ್ರವನ್ನು ರೂಪಿಸಿದ ನೆದರ್ಲೆಂಡ್ಸ್‌ನ ವಿಜ್ಞಾನಿ ವಿಲೆಮ್ ಐಂಥೋವೆನ್ ಅವರ ಉಪಕರಣವು ಸುಮಾರು 270 ಕಿಲೋ ತೂಗುತ್ತಿದ್ದುದರಿಂದ ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ; ಹಾಸಿಗೆ ಹಿಡಿದ ರೋಗಿಗಳನ್ನು ಪ್ರಯೋಗಾಲಯಕ್ಕೆ ತರುವಂತೆಯೂ ಇರಲಿಲ್ಲ. ಆದ್ದರಿಂದ ಅವರು 1905ರಲ್ಲಿ ಲೈಡನ್ ನಗರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ಸಂಕೇತಗಳನ್ನು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೂಲಕ ತರಿಸಿಕೊಂಡರು. ಇದಕ್ಕಿಂತಲೂ ಹೆಚ್ಚು ಕಲಿಸುವ ಉದಾಹರಣೆ ಆಸ್ಟ್ರೇಲಿಯದ್ದು. ಅಲ್ಲಿನ ವಿಶಾಲ ಒಳನಾಡಿನಲ್ಲಿ ಚದುರಿಹೋಗಿದ್ದ ಕುಟುಂಬಗಳಿಗಾಗಿ 1928ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಿಂದ ವಿಮಾನದಲ್ಲಿ ಹಾರಿಹೋಗುವ ವೈದ್ಯರ ಸೇವೆ ಆರಂಭವಾಯಿತು. ಮರುವರ್ಷವೇ ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞರು, ಕಾಲಿನಿಂದ ಪೆಡಲ್ ತುಳಿದು ವಿದ್ಯುತ್ ಉತ್ಪಾದಿಸಿಕೊಳ್ಳುವ ರೇಡಿಯೊವನ್ನು ಸಿದ್ಧಪಡಿಸಿ ಒಂಟಿ ಮನೆಗಳಿಗೆ ತಲುಪಿಸತೊಡಗಿದರು. ಆದರೆ ರೇಡಿಯೊದಲ್ಲಿ ವೈದ್ಯರ ದನಿ ಕೇಳಿಸಿದರೂ ಅವರು ಹೇಳಿದ ಔಷಧ ಮನೆಯಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲವೆಂಬುದು ಅನುಭವಕ್ಕೆ ಬಂದು, 1942ರಿಂದ ಪ್ರತಿಯೊಂದು ಔಷಧಕ್ಕೂ ಸಂಖ್ಯೆ ಕೊಟ್ಟ ಪೆಟ್ಟಿಗೆಗಳನ್ನು ಆ ಮನೆಗಳಲ್ಲಿ ಇರಿಸುವ ವ್ಯವಸ್ಥೆ ಜಾರಿಗೆ ಬಂತು. ವೈದ್ಯರು ರೇಡಿಯೊದಲ್ಲಿ ಸಂಖ್ಯೆಯನ್ನು ಹೇಳುತ್ತಿದ್ದರು, ಮನೆಯವರು ಆ ಸಂಖ್ಯೆಯ ಔಷಧವನ್ನು ತೆಗೆದು ಕೊಡುತ್ತಿದ್ದರು. ಸಂಪರ್ಕವೊಂದೇ ಚಿಕಿತ್ಸೆಯಲ್ಲ, ರೋಗಿ ಇರುವ ಕಡೆಯಲ್ಲಿ ಔಷಧವೂ ಅದನ್ನು ಕೊಡಬಲ್ಲ ಮನುಷ್ಯರೂ ಇರಬೇಕು ಎಂಬ ಈ ಪಾಠವನ್ನು ನಂತರದ ಅನೇಕ ಯೋಜನೆಗಳು ಮರೆತು, ಪೆಟ್ಟು ತಿಂದು, ಮತ್ತೆ ಕಲಿಯಬೇಕಾಯಿತು.

ಭಾರತದಲ್ಲಿ ದೂರವೈದ್ಯದ ಮೊದಲ ಹಂತವು ಉಪಗ್ರಹಗಳ ಹಂತವಾಗಿತ್ತು. ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದ ಆಸ್ಪತ್ರೆಯನ್ನು ಚೆನ್ನೈನ ಅಪೊಲೊ ಆಸ್ಪತ್ರೆಯೊಡನೆ ಜೋಡಿಸಿದ ಪ್ರಯೋಗವು ಈ ಶತಮಾನದ ಆರಂಭದಲ್ಲಿ ನಡೆಯಿತು. 2002ರ ಏಪ್ರಿಲಿನಲ್ಲಿ ಇಸ್ರೊದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ, ಹೆಗ್ಗಡದೇವನಕೋಟೆಯ ಕಾಡಂಚಿನ ಸರಗೂರಿನಲ್ಲಿ ಬುಡಕಟ್ಟು ಜನರ ನಡುವೆ ಕೆಲಸ ಮಾಡುತ್ತಿದ್ದ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಗೊಂಡವು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ ಆಗಿತ್ತು. ಆದರೆ ಆಸ್ಪತ್ರೆಯ ಛಾವಣಿಯ ಮೇಲೆ ತಟ್ಟೆಯಾಕಾರದ ಆಂಟೆನಾ, ಅದಕ್ಕೆಂದೇ ಮೀಸಲಾದ ಕೋಣೆ, ನಿಗದಿಪಡಿಸಿದ ಸಮಯ, ಎರಡೂ ಕಡೆ ಒಮ್ಮೆಗೇ ಬಿಡುವಾಗಬೇಕಾದ ವೈದ್ಯರು, ಹೀಗೆ ಹಲವು ಸಂಗತಿಗಳು ಒಟ್ಟಿಗೆ ಕೂಡಿಬಂದರೆ ಮಾತ್ರ ಒಂದು ಸಮಾಲೋಚನೆ ನಡೆಯುತ್ತಿತ್ತು. ಕಾಯಿಲೆ ಸಮಯಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲವಾದ್ದರಿಂದ, ಇಂಥ ಏರ್ಪಾಡು ಯೋಜಿತ ಸಮಾಲೋಚನೆಗೆ ಒದಗಿದಷ್ಟು ತುರ್ತು ಸಂದರ್ಭಕ್ಕೆ ಸುಲಭವಾಗಿ ಒದಗುವಂತಿರಲಿಲ್ಲ.

ಮುಂದಿನ ಬದಲಾವಣೆಯನ್ನು ಅರ್ಥಮಾಡಿಕೊಳ್ಳಲು ದೂರವೈದ್ಯದ ಎರಡು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ವೈದ್ಯರೂ ರೋಗಿಯೂ ಅದೇ ಹೊತ್ತಿನಲ್ಲಿ ಪರಸ್ಪರ ನೋಡುತ್ತ ಮಾತನಾಡುವುದು ಒಂದು ಬಗೆ. ರೋಗಿಯ ಬಳಿ ಇರುವ ಸಿಬ್ಬಂದಿ ಚಿತ್ರವನ್ನೋ ಇಸಿಜಿಯನ್ನೋ ಎಕ್ಸ್‌ರೇಯನ್ನೋ ದಾಖಲಿಸಿ ಕಳುಹಿಸಿ, ತಜ್ಞರು ತಮಗೆ ಬಿಡುವಾದಾಗ ಅದನ್ನು ಓದಿ ಉತ್ತರಿಸುವುದು ಇನ್ನೊಂದು ಬಗೆ. ಇದನ್ನು ಸಂಗ್ರಹಿಸಿ ರವಾನಿಸುವ ವಿಧಾನವೆನ್ನಬಹುದು. ಮೊದಲನೆಯದು ನೋಡುವವರ ಮನಸ್ಸನ್ನು ಬೇಗ ಸೆಳೆಯುತ್ತದೆ, ಉದ್ಘಾಟನಾ ಸಮಾರಂಭಗಳಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ, ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಮಲೆನಾಡಿನ ಊರುಗಳಿಗೆ ಒಗ್ಗುವುದು ಎರಡನೆಯದೇ, ಏಕೆಂದರೆ ಕ್ಷಣಕಾಲ ಸಂಪರ್ಕ ಸಿಕ್ಕರೂ ಒಂದು ಚಿತ್ರ ದಾಟಿಹೋಗುತ್ತದೆ.

ಈ ಎರಡನೆಯ ವಿಧಾನದ ಶಕ್ತಿಯನ್ನು ಕರ್ನಾಟಕದಲ್ಲಿ ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನ ತಪಾಸಣೆಯ ಯೋಜನೆ. ತಾಯಿಯ ಗರ್ಭದಲ್ಲಿ ಶಿಶುವಿನ ಅಕ್ಷಿಪಟಲದ ರಕ್ತನಾಳಗಳು ಕಣ್ಣಿನ ನರ ಒಳಬರುವ ಜಾಗದಿಂದ ಹೊರಟು ಅಂಚಿನ ಕಡೆಗೆ ನಿಧಾನವಾಗಿ ಬೆಳೆಯುತ್ತ ಹೋಗಿ, ದಿನ ತುಂಬುವ ಹೊತ್ತಿಗೆ ತಮ್ಮ ಬೆಳವಣಿಗೆಯನ್ನು ಮುಗಿಸುತ್ತವೆ. ಶಿಶು ಮೊದಲೇ ಹುಟ್ಟಿಬಿಟ್ಟರೆ ಈ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಅದರ ಜೀವ ಉಳಿಸಲು ಕೊಡುವ ಆಮ್ಲಜನಕದ ಪ್ರಮಾಣ ಹದ ತಪ್ಪಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಕೆಲವು ವಾರಗಳ ನಂತರ ಅಡ್ಡಾದಿಡ್ಡಿಯಾಗಿ ಹೊಸ ರಕ್ತನಾಳಗಳು ಹುಟ್ಟಿಕೊಂಡು, ಅಕ್ಷಿಪಟಲವನ್ನು ಎಳೆದು ಕಿತ್ತು, ಶಿಶುವನ್ನು ಶಾಶ್ವತವಾಗಿ ಕುರುಡಾಗಿಸಬಹುದು. ವೈದ್ಯರು ಇದನ್ನು ಸಂಕ್ಷೇಪವಾಗಿ ಆರ್‌ಓಪಿ ಎನ್ನುತ್ತಾರೆ. ಈ ರೋಗದ ಕ್ರೂರತೆ ಇರುವುದು ಅದರ ಮೌನದಲ್ಲಿ: ಆರಂಭದಲ್ಲಿ ಹೊರಗಿನಿಂದ ಕಣ್ಣು ಸರಿಯಾಗಿಯೇ ಕಾಣುತ್ತದೆ, ನೋಯುವುದಿಲ್ಲ, ಕೆಂಪಾಗುವುದಿಲ್ಲ, ಎಷ್ಟೇ ಎಚ್ಚರದ ತಾಯಿಗೂ ಗೊತ್ತಾಗುವುದಿಲ್ಲ; ಮಗು ನೋಡುತ್ತಿಲ್ಲವೆಂದು ತಿಳಿಯುವ ಹೊತ್ತಿಗೆ ಚಿಕಿತ್ಸೆಯ ಕಾಲ ಮುಗಿದುಹೋಗಿರುತ್ತದೆ. ಹುಟ್ಟಿದ 30 ದಿನಗಳೊಳಗೆ ಮೊದಲ ತಪಾಸಣೆ, ರೋಗ ತೀವ್ರವಾಗಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ, ಇದು ಪಾಲಿಸಲೇಬೇಕಾದ ಗಡುವು. ಪಾಶ್ಚಾತ್ಯ ದೇಶಗಳಲ್ಲಿ ಬಹಳ ಚಿಕ್ಕ ಶಿಶುಗಳಲ್ಲಿ ಮಾತ್ರ ಕಾಣುವ ಈ ರೋಗ ಭಾರತದಲ್ಲಿ ಅವಕ್ಕಿಂತ ದೊಡ್ಡ ಶಿಶುಗಳನ್ನೂ ಕಾಡುವುದರಿಂದ, ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಗಳಿಗೆ ಮೊದಲೇ ಹುಟ್ಟಿದ ಎಲ್ಲ ಶಿಶುಗಳನ್ನೂ ಪರೀಕ್ಷಿಸಬೇಕೆಂಬುದು ಇಲ್ಲಿನ ಸೂತ್ರ.

ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಹೆಚ್ಚಿದಂತೆ ಹಿಂದೆ ಬದುಕುಳಿಯದಿದ್ದ ಎಳೆಯ ಶಿಶುಗಳು ಬದುಕತೊಡಗಿದವು, ಆದರೆ ಅವುಗಳ ಕಣ್ಣನ್ನು ಪರೀಕ್ಷಿಸಬಲ್ಲ ತಜ್ಞರು ಆ ಊರುಗಳಲ್ಲಿ ಇರಲಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯು ಈ ಕೊರತೆಯನ್ನು ಎದುರಿಸಿದ ರೀತಿ ಗಮನಾರ್ಹವಾದದ್ದು. ವೈದ್ಯರಲ್ಲದ ತಂತ್ರಜ್ಞರಿಗೆ ಕಠಿಣವಾದ ತರಬೇತಿ ಕೊಟ್ಟು, ಶಿಶುವಿನ ಕಣ್ಣಿನ ಒಳಭಾಗವನ್ನು ವಿಶಾಲವಾಗಿ ಸೆರೆಹಿಡಿಯುವ ಕ್ಯಾಮೆರಾವನ್ನು ವಾಹನದಲ್ಲಿರಿಸಿ, ನಿಗದಿತ ದಿನಗಳಂದು ನಿಗದಿತ ಮಾರ್ಗದಲ್ಲಿ ಜಿಲ್ಲೆಗಳ ಶಿಶು ಘಟಕಗಳಿಗೆ ಕಳುಹಿಸಲಾಯಿತು. ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ, ಅಂಗೈಯಷ್ಟಿರುವ ಶಿಶುವಿನ ತಲೆಯನ್ನು ಹಿಡಿದು, ನಾಲ್ಕೂ ದಿಕ್ಕಿನ ಅಂಚುಗಳ ಚಿತ್ರ ತೆಗೆಯುವ ಈ ಕೆಲಸಕ್ಕೆ ಅಪಾರ ತಾಳ್ಮೆ ಮತ್ತು ಹದವಾದ ಕೈ ಬೇಕು. ತೆಗೆದ ಚಿತ್ರಗಳನ್ನು ತಜ್ಞರು ದೂರದಲ್ಲಿ ಕುಳಿತು, ಮೊಬೈಲ್ ಫೋನಿನಲ್ಲಿಯೂ ಓದಿ ವರದಿ ಕೊಡುತ್ತಾರೆ. ಅಷ್ಟೇ ಅಲ್ಲದೆ ತಂತ್ರಜ್ಞರೂ ಸ್ಥಳದಲ್ಲಿಯೇ ಚಿತ್ರಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿ, ಯಾವ ಶಿಶುವಿಗೆ ತುರ್ತು ಚಿಕಿತ್ಸೆ, ಯಾವುದಕ್ಕೆ ಮರುತಪಾಸಣೆ, ಯಾವುದನ್ನು ನಿಶ್ಚಿಂತೆಯಿಂದ ಮನೆಗೆ ಕಳುಹಿಸಬಹುದು ಎಂದು ತಿಳಿಸಬಲ್ಲವರಾಗಿದ್ದಾರೆ. ಇದರಿಂದ ತಾಯಿಗೆ ಅದೇ ದಿನ ಉತ್ತರ ಸಿಗುವಂತಾಯಿತು, ಮತ್ತು ಊರಿಗೆ ಹೋದವರನ್ನು ಮತ್ತೆ ಹುಡುಕಿ ಕರೆತರುವ ಕಷ್ಟ ಕಡಿಮೆಯಾಯಿತು. ಆಮದು ಕ್ಯಾಮೆರಾ ಬಹಳ ದುಬಾರಿಯಾಗಿದ್ದುದರಿಂದ ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆಯು ಅದೇ ಕೆಲಸಕ್ಕೆ ದೇಶೀಯ ಕ್ಯಾಮೆರಾವನ್ನು ರೂಪಿಸಿದ್ದೂ ಈ ಕಥೆಯ ಒಂದು ಮುಖ್ಯ ಭಾಗ. ಕರ್ನಾಟಕದ ಈ ಮಾದರಿಯನ್ನು ಬೇರೆ ರಾಜ್ಯಗಳೂ ಗಮನಿಸಿ ಅನುಸರಿಸಿವೆ.

ಈ ಯಶಸ್ಸಿನ ಕಾರಣವನ್ನು ಕ್ಯಾಮೆರಾದಲ್ಲಿ ಅಥವಾ ಅಂತರ್ಜಾಲದಲ್ಲಿ ಮಾತ್ರ ಹುಡುಕಿದರೆ ತಪ್ಪಾಗುತ್ತದೆ. ಪ್ರಶ್ನೆ ಸ್ಪಷ್ಟವಾಗಿತ್ತು, ಗಡುವು ಖಚಿತವಾಗಿತ್ತು, ಚಿತ್ರ ತೆಗೆಯುವ ಕೈ ಪಳಗಿತ್ತು, ಉತ್ತರ ಬಂದ ಮೇಲೆ ಮಾಡಬೇಕಾದ ಚಿಕಿತ್ಸೆ ಗೊತ್ತಿತ್ತು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಚಿತ್ರಗಳು ಎಲ್ಲೋ ಸಂಗ್ರಹವಾಗಿ ಉಳಿಯುತ್ತಿದ್ದವೇ ಹೊರತು ಕಣ್ಣುಗಳು ಉಳಿಯುತ್ತಿರಲಿಲ್ಲ.

ಹೃದಯಾಘಾತದ ವಿಷಯದಲ್ಲಿಯೂ ಇದೇ ತರ್ಕ ಅನ್ವಯಿಸುತ್ತದೆ, ಗಡುವು ಮಾತ್ರ ದಿನಗಳದ್ದಾಗಿರದೆ ನಿಮಿಷಗಳದ್ದಾಗಿರುತ್ತದೆ. ಹೃದಯದ ಮುಖ್ಯ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿ ಮುಚ್ಚಿಹೋದಾಗ ಅದು ಪೋಷಿಸುತ್ತಿದ್ದ ಸ್ನಾಯು ಕ್ಷಣಕ್ಷಣಕ್ಕೂ ಸಾಯತೊಡಗುತ್ತದೆ. ಮೊದಲ ಎರಡು ಮೂರು ಗಂಟೆಗಳಲ್ಲಿ ರಕ್ತದ ಹರಿವನ್ನು ಮರಳಿಸಿದರೆ ಸಿಗುವ ಫಲ ತಡವಾದಂತೆ ಕುಗ್ಗುತ್ತ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಅಮೂಲ್ಯ ಸಮಯ ನಷ್ಟವಾಗುವ ಬಗೆ ಎಲ್ಲರಿಗೂ ಪರಿಚಿತವಾದದ್ದು: ಎದೆ ಹಿಡಿದುಕೊಂಡಾಗ ‘ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಂಡು ಸೋಡಾ ಅಥವಾ ಓಮದ ನೀರು ಕುಡಿಯುವುದು, ಅನಂತರ ಹತ್ತಿರದ ಆಸ್ಪತ್ರೆಗೆ ಹೋದರೆ ಅಲ್ಲಿ ಇಸಿಜಿ ಯಂತ್ರವಿಲ್ಲದಿರುವುದು, ಯಂತ್ರವಿದ್ದರೂ ಅದನ್ನು ಖಚಿತವಾಗಿ ಓದುವವರಿಲ್ಲದಿರುವುದು, ಕೊನೆಗೆ ಯಾವ ಚಿಕಿತ್ಸೆಯೂ ಆರಂಭವಾಗದೆ ದೂರದ ನಗರದತ್ತ ಆಂಬುಲೆನ್ಸಿನಲ್ಲಿ ಗಂಟೆಗಟ್ಟಲೆ ಸಾಗುವುದು. ತಮ್ಮ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೂಗೆಬ್ಬಿಸುತ್ತಿರುವುದರ ಹಿಂದೆ ಮಂಗಳೂರು, ಹುಬ್ಬಳ್ಳಿ, ಗೋವಾಗಳತ್ತ ಸಾಗುವ ಇಂಥ ಪ್ರಯಾಣಗಳ ಕಹಿಯಿದೆ.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಪ್ರಯತ್ನವು ಈ ಸರಪಳಿಯ ಮೊದಲ ಕೊಂಡಿಯನ್ನು ಸರಿಪಡಿಸಲು ಹೊರಟಿತು. ಕರಾವಳಿ ಮತ್ತು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಸಣ್ಣ ಊರುಗಳ ವೈದ್ಯರಿಗೂ ದಾನಿಗಳ ನೆರವಿನಿಂದ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ತಜ್ಞರು ಕೂಡಲೇ ನೋಡಿ ಸಲಹೆ ಕೊಡುವ ಏರ್ಪಾಡು ಅದು. ಜನರ ಕೈಯಲ್ಲಿ ಆಗಲೇ ಇದ್ದ ಸಾಧನವನ್ನೇ ಬಳಸಿಕೊಂಡದ್ದರಿಂದ ಹೊಸ ತಂತ್ರಾಂಶವನ್ನಾಗಲಿ ವಿಶೇಷ ಕೋಣೆಯನ್ನಾಗಲಿ ಕಾಯಬೇಕಾಗಲಿಲ್ಲ. ರೋಗಿಯ ಖಾಸಗಿ ವಿವರಗಳು ಇಂಥ ಗುಂಪುಗಳಲ್ಲಿ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಆದರೆ ವ್ಯವಸ್ಥೆ ಸಿದ್ಧವಾಗುವವರೆಗೆ ರೋಗಿ ಕಾಯಲಾರನೆಂಬುದನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹಠಾತ್ತನೆ ನಿಧನರಾದ ನಂತರ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರೂಪಿಸಿದ ಹೃದಯ ಜ್ಯೋತಿ ಯೋಜನೆಯು ಇದೇ ಕಲ್ಪನೆಯನ್ನು ಸರ್ಕಾರಿ ಆಸ್ಪತ್ರೆಗಳಿಗೆ ವಿಸ್ತರಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೇಗನೆ ವಿಶ್ಲೇಷಿಸಿ, ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರ ಮಾರ್ಗದರ್ಶನದಲ್ಲಿ, ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ರೋಗಿಯನ್ನು ಆಂಜಿಯೋಗ್ರಾಂ ಸೌಲಭ್ಯವುಳ್ಳ ಆಸ್ಪತ್ರೆಗೆ ಕಳುಹಿಸುವುದು ಇದರ ಕ್ರಮ. ಈ ಔಷಧದ ಆಯ್ಕೆಯಲ್ಲಿಯೇ ದೂರವೈದ್ಯದ ಮರ್ಮ ಅಡಗಿದೆ. ಹಳೆಯ ಔಷಧವಾದ ಸ್ಟ್ರೆಪ್ಟೋಕೈನೇಸನ್ನು ಸುಮಾರು ಒಂದು ಗಂಟೆಯ ಕಾಲ ಹನಿಹನಿಯಾಗಿ ರಕ್ತಕ್ಕೆ ಸೇರಿಸಬೇಕಾಗಿತ್ತು. ಟೆನೆಕ್ಟೆಪ್ಲೇಸನ್ನು ರೋಗಿಯ ತೂಕ ನೋಡಿ ಕೆಲವೇ ಸೆಕೆಂಡುಗಳಲ್ಲಿ ಒಂದೇ ಸಲ ಕೊಟ್ಟು ಮುಗಿಸಬಹುದು. ಮಾರುಕಟ್ಟೆಯಲ್ಲಿ ಅದರ ಬೆಲೆ ಹತ್ತಾರು ಸಾವಿರ ರೂಪಾಯಿಗಳಾದ್ದರಿಂದ, ಉಚಿತವಾಗಿ ದೊರೆಯದಿದ್ದರೆ ಬಡ ಕುಟುಂಬ ಹಣ ಹೊಂದಿಸುವಷ್ಟರಲ್ಲಿಯೇ ಸಮಯ ಮೀರಿರುತ್ತಿತ್ತು. ಇನ್ನೊಂದು ಸೂಕ್ಷ್ಮವೂ ಇದೆ. ಈ ಔಷಧವು ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿ, ಹಿಂದೆ ಮಿದುಳಿನ ರಕ್ತಸ್ರಾವ ಆದವರಲ್ಲಿ ಪ್ರಾಣಾಪಾಯ ತರಬಹುದಾದ್ದರಿಂದ, ತಾಲ್ಲೂಕಿನಲ್ಲಿ ರಾತ್ರಿ ಪಾಳಿಯಲ್ಲಿರುವ ಕಿರಿಯ ವೈದ್ಯರು ಒಬ್ಬರೇ ಆ ನಿರ್ಧಾರ ಕೈಗೊಳ್ಳಲು ಹಿಂಜರಿಯುವುದು ಸಹಜ. ದೂರದ ತಜ್ಞರು ಅವರಿಗೆ ನೀಡುವುದು ಮಾಹಿತಿಯ ಜೊತೆಗೆ ಧೈರ್ಯವನ್ನು, ನಿರ್ಧಾರದ ಹೊಣೆಯಲ್ಲಿ ಒಂದು ಪಾಲನ್ನು.

ಶಿಶುಗಳ ಕಣ್ಣಿನ ಮತ್ತು ಹೃದಯಾಘಾತದ ಈ ಯೋಜನೆಗಳು ಒಂದೊಂದು ರೋಗಕ್ಕೆ ಮೀಸಲಾದ ವ್ಯವಸ್ಥೆಗಳು. ಜ್ವರ, ಕೆಮ್ಮು, ಚರ್ಮದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಂಥ ದಿನನಿತ್ಯದ ಅಗತ್ಯಗಳಿಗಾಗಿ ರೂಪುಗೊಂಡದ್ದು ಕೇಂದ್ರ ಸರ್ಕಾರದ ಇ-ಸಂಜೀವಿನಿ. ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಈ ವೇದಿಕೆ 2019ರ ನವೆಂಬರಿನಲ್ಲಿ ಆರಂಭವಾಯಿತು. ಕೋವಿಡ್ ದಿಗ್ಬಂಧನದ ನಡುವೆ, 2020ರ ಏಪ್ರಿಲ್ 13ರಿಂದ, ಜನರು ಮನೆಯಿಂದಲೇ ನೇರವಾಗಿ ವೈದ್ಯರನ್ನು ಸಂಪರ್ಕಿಸುವ ವಿಭಾಗವೂ ಸೇರಿಕೊಂಡಿತು. ಗ್ರಾಮೀಣ ಭಾಗದಲ್ಲಿ ಇದರ ನಿಜವಾದ ಬಾಗಿಲು ಉಪಕೇಂದ್ರದ ಮಟ್ಟದ ಆರೋಗ್ಯ ಮಂದಿರ. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ, ಸಾಮಾನ್ಯವಾಗಿ ನರ್ಸಿಂಗ್ ಪದವಿ ಮತ್ತು ವಿಶೇಷ ತರಬೇತಿ ಪಡೆದವರು, ರೋಗಿಯ ರಕ್ತದೊತ್ತಡ, ಸಕ್ಕರೆಯ ಮಟ್ಟ ಇತ್ಯಾದಿಗಳನ್ನು ಅಳೆದು ದಾಖಲಿಸಿ, ದೂರದ ಕೇಂದ್ರದಲ್ಲಿರುವ ವೈದ್ಯರನ್ನು ಪರದೆಯ ಮೇಲೆ ಕರೆದು, ಅವರು ಕಳುಹಿಸಿದ ಔಷಧ ಚೀಟಿಯಂತೆ ಮಾತ್ರೆಗಳನ್ನು ಕೊಡುತ್ತಾರೆ. 2023ರ ಫೆಬ್ರುವರಿಯ ವೇಳೆಗೆ ಈ ವೇದಿಕೆಯಲ್ಲಿ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದವು. ಅದನ್ನು ಬಳಸಿದವರಲ್ಲಿ ಶೇ 57ಕ್ಕೂ ಹೆಚ್ಚು ಮಂದಿ ಮಹಿಳೆಯರು. ಸ್ವಂತ ಫೋನಿಲ್ಲದ, ಪೇಟೆಗೆ ಹೋಗಲು ಮನೆಯವರ ಬಿಡುವನ್ನು ಕಾಯಬೇಕಾದ ಹೆಣ್ಣುಮಕ್ಕಳಿಗೆ ನಡೆದುಹೋಗುವಷ್ಟು ಹತ್ತಿರದ ಬಾಗಿಲು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಈ ಅಂಕಿ ಹೇಳುತ್ತದೆ.

ಇಂಥ ಸಮಾಲೋಚನೆಗೆ ಕಾನೂನಿನ ನೆಲೆಗಟ್ಟು ದೊರೆತದ್ದೂ ಅದೇ ಕಾಲದಲ್ಲಿ. 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯ ಮಾರ್ಗಸೂಚಿಗಳು ವಿಡಿಯೊ, ಧ್ವನಿ ಮತ್ತು ಬರಹ ಎಂಬ ಮೂರೂ ಮಾಧ್ಯಮಗಳನ್ನು ಒಪ್ಪಿದವು; ಔಷಧಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ವರ್ಗೀಕರಿಸಿ, ಸುರಕ್ಷಿತವಾದವುಗಳನ್ನು ಯಾವ ಮಾಧ್ಯಮದಲ್ಲಿಯಾದರೂ, ಕೆಲವನ್ನು ವಿಡಿಯೊದಲ್ಲಿ ನೋಡಿದ ನಂತರ, ಇನ್ನು ಕೆಲವನ್ನು ಮರುಭೇಟಿಯಲ್ಲಿ ಮಾತ್ರ ಬರೆಯಬಹುದೆಂದೂ, ಮಾದಕ ಹಾಗೂ ಮನೋಪ್ರಭಾವಿ ವಸ್ತುಗಳ ಕಾಯಿದೆಯ ವ್ಯಾಪ್ತಿಯ ಔಷಧಗಳನ್ನು ಬರೆಯಲೇಬಾರದೆಂದೂ ವಿಧಿಸಿದವು. ಎಲ್ಲಕ್ಕಿಂತ ಮುಖ್ಯವಾಗಿ, ದೂರದಿಂದ ನೋಡಿದರೆ ಸಾಕೇ ಅಥವಾ ರೋಗಿ ಎದುರಿಗೇ ಬರಬೇಕೇ ಎಂಬುದನ್ನು ತೀರ್ಮಾನಿಸುವ ಅಧಿಕಾರವನ್ನು ವೈದ್ಯರ ವಿವೇಚನೆಗೆ ಬಿಟ್ಟವು.

ಆ ವಿವೇಚನೆ ಏಕೆ ಅಗತ್ಯವೆಂಬುದನ್ನು ವೈದ್ಯಶಿಕ್ಷಣದ ಮೊದಲ ಪಾಠವೇ ತಿಳಿಸುತ್ತದೆ. ರೋಗಿಯನ್ನು ಪರೀಕ್ಷಿಸುವುದೆಂದರೆ ನೋಡುವುದು, ಮುಟ್ಟಿ ಒತ್ತಿ ತಿಳಿಯುವುದು, ಬೆರಳಿನಿಂದ ತಟ್ಟಿ ನೋಡುವುದು, ಸ್ಟೆತೊಸ್ಕೋಪಿನಿಂದ ಆಲಿಸುವುದು. ಪರದೆಯ ಮುಂದೆ ಇವುಗಳಲ್ಲಿ ಮೊದಲನೆಯದು ಅರ್ಧಮರ್ಧ ಉಳಿದು, ಮಿಕ್ಕವು ಬಹುಮಟ್ಟಿಗೆ ಕೈತಪ್ಪುತ್ತವೆ. ಹೊಟ್ಟೆನೋವು ಅಜೀರ್ಣದಿಂದಲೋ ಅಪೆಂಡಿಕ್ಸಿನಿಂದಲೋ ಎಂದು ಹೇಳಲು ಹೊಟ್ಟೆಯನ್ನು ಒತ್ತಿ ನೋಡುವ ಕೈ ಬೇಕು. ಏದುಸಿರು ಬಿಡುತ್ತಿರುವ ಮಗುವಿಗೆ ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ಉಸಿರಿನ ವೇಗವನ್ನು ಎಣಿಸುವ, ಪಕ್ಕೆ ಒಳಸೆಳೆಯುತ್ತಿದೆಯೇ ಎಂದು ಗಮನಿಸುವ ಪಳಗಿದ ಕಣ್ಣು ಬೇಕು. ಹೆರಿಗೆಯ ತೊಡಕಂತೂ ಯಾವ ಪರದೆಗೂ ಬಗ್ಗುವುದಿಲ್ಲ. ಆದ್ದರಿಂದ ಉಪಕೇಂದ್ರದ ಆರೋಗ್ಯ ಅಧಿಕಾರಿಯು ಕರೆ ಜೋಡಿಸುವ ಸಹಾಯಕರಷ್ಟೇ ಆಗಿಬಿಟ್ಟರೆ ದೂರವೈದ್ಯವು ಮಾತ್ರೆ ಬರೆಸಿಕೊಳ್ಳುವ ಕಿಟಕಿಯಾಗಿ ಉಳಿಯುತ್ತದೆ. ಅವರೇ ಪರೀಕ್ಷಿಸಬಲ್ಲ, ಅನುಮಾನಿಸಬಲ್ಲ, ‘ಇವರನ್ನು ಈಗಲೇ ಕಳುಹಿಸಬೇಕು’ ಎಂದು ವೈದ್ಯರೊಡನೆ ವಾದಿಸಬಲ್ಲ ಸಿಬ್ಬಂದಿಯಾಗಿ ಬೆಳೆದರೆ ಮಾತ್ರ ಅದು ವೈದ್ಯವಾಗುತ್ತದೆ. ದಿನಕ್ಕೆ ಇಷ್ಟು ಕರೆಗಳಾಗಬೇಕೆಂಬ ಗುರಿಯನ್ನು ಹೇರುವುದು ಈ ಬೆಳವಣಿಗೆಗೆ ಮಾರಕ, ಏಕೆಂದರೆ ಆಗ ಎಣಿಕೆಗೆ ಸಿಗುವುದು ಕರೆಗಳು, ಗುಣವಾದ ರೋಗಿಗಳಲ್ಲ.

ದೂರಸಂಪರ್ಕವನ್ನು ಕಲಿಸುವುದಕ್ಕೂ ಬಳಸಬಹುದೆಂಬುದನ್ನು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಎಕೋ ಯೋಜನೆ ತೋರಿಸಿತು. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ರೋಗಿಗಳನ್ನು ತಮ್ಮ ಬಳಿಗೆ ಕರೆಸಿಕೊಳ್ಳುವ ಬದಲು ಅವರು ಹಳ್ಳಿಗಳ ವೈದ್ಯರನ್ನು ವಾರವಾರವೂ ವಿಡಿಯೊದಲ್ಲಿ ಸೇರಿಸಿ, ಅವರ ರೋಗಿಗಳ ವಿವರಗಳನ್ನೇ ಚರ್ಚಿಸುತ್ತ ತರಬೇತಿ ಕೊಟ್ಟರು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಹಳ್ಳಿ ವೈದ್ಯರ ಚಿಕಿತ್ಸೆಯ ಫಲಿತಾಂಶ ವಿಶ್ವವಿದ್ಯಾಲಯದ ತಜ್ಞರ ಫಲಿತಾಂಶಕ್ಕೆ ಸಮನಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಈ ದಾರಿಯನ್ನು ಮಾನಸಿಕ ಆರೋಗ್ಯಕ್ಕೆ ಅಳವಡಿಸಿಕೊಂಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಮ್ಮ ರೋಗಿಗಳನ್ನು ನೋಡುತ್ತಿರುವಾಗಲೇ ನಿಮ್ಹಾನ್ಸ್‌ನ ಮನೋವೈದ್ಯರು ವಿಡಿಯೊ ಮೂಲಕ ಜೊತೆಗಿದ್ದು, ಮೈಕೈ ನೋವು, ನಿದ್ರಾಹೀನತೆಗಳ ಹಿಂದೆ ಅಡಗಿರುವ ಖಿನ್ನತೆಯನ್ನು ಗುರುತಿಸಲು ಕಲಿಸುತ್ತಾರೆ. ಈ ರೀತಿ ಕಲಿತ ವೈದ್ಯರಿಗೆ ಮುಂದಿನ ರೋಗಿಯ ವಿಷಯದಲ್ಲಿ ಕರೆ ಮಾಡುವ ಅಗತ್ಯವೇ ಬೀಳದಿರಬಹುದು, ಮತ್ತು ಕರೆಗಳನ್ನು ಹೆಚ್ಚಿಸುವ ಯೋಜನೆಗಿಂತ ಕರೆಗಳ ಅಗತ್ಯವನ್ನು ತಗ್ಗಿಸುವ ಈ ಯೋಜನೆಯೇ ಹೆಚ್ಚು ದೂರದೃಷ್ಟಿಯದ್ದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೂ ನಿಮ್ಹಾನ್ಸ್ ಮುಂದಾಳಾಗಿದೆ; ಅದರ ಉಚಿತ ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲಿಯೂ ಲಭ್ಯ.

ಭಾಷೆಯ ಮಾತು ಇಲ್ಲಿ ಗೌಣವಲ್ಲ. ಕಲಬುರಗಿಯ ಹಳ್ಳಿಯ ಅಜ್ಜಿ ತನ್ನ ಸಂಕಟವನ್ನು ಹೇಳುವ ರೀತಿ ಬೆಂಗಳೂರಿನ ಯುವ ವೈದ್ಯರಿಗೆ ಪರದೆಯ ಮೇಲೆ ಪೂರ್ತಿ ಅರ್ಥವಾಗದೇ ಹೋಗಬಹುದು; ತಾಂಡಾದ ಲಂಬಾಣಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗ, ಕರಾವಳಿಯ ಬ್ಯಾರಿ ಮನೆಯವರ ಮಾತಂತೂ ಇನ್ನೂ ದೂರವಾದದ್ದು. ಪಕ್ಕದಲ್ಲಿ ಕುಳಿತ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಅಧಿಕಾರಿ ಆ ಮಾತನ್ನು ತಲುಪಿಸುತ್ತಾರೆ, ಆದರೆ ಗರ್ಭಪಾತದ, ಮನೆಯೊಳಗಿನ ಹೊಡೆತದ, ಆತ್ಮಹತ್ಯೆಯ ಯೋಚನೆಯ ವಿಷಯಗಳನ್ನು ಪರಿಚಿತರ ಎದುರು, ಬಾಗಿಲಿಲ್ಲದ ಕೋಣೆಯಲ್ಲಿ ಯಾರೂ ಬಾಯಿ ಬಿಡಲಾರರು. ಒಂದು ಪ್ರತ್ಯೇಕ ಕೋಣೆ, ಮುಚ್ಚುವ ಒಂದು ಬಾಗಿಲು, ಕೇಳಿದ್ದನ್ನು ಊರಿನಲ್ಲಿ ಹೇಳದ ಶಿಸ್ತು, ಇವುಗಳಿಗೆ ತಗಲುವ ಖರ್ಚು ಬಹಳ ಕಡಿಮೆ.

ದೂರವೈದ್ಯಕ್ಕೆ ಮೀಸಲಿಡುವ ಹಣ ಮೊದಲು ಸೇರಬೇಕಾದದ್ದು ರೋಗಿಯ ಪಕ್ಕಕ್ಕೆ: ಆರೋಗ್ಯ ಅಧಿಕಾರಿಗಳ ಖಾಯಂ ನೇಮಕ ಮತ್ತು ತರಬೇತಿಗೆ, ಇಸಿಜಿ ಯಂತ್ರ ಮತ್ತು ಅದರ ಕಾಗದಕ್ಕೆ, ಬರೆದ ಔಷಧ ಕಪಾಟಿನಲ್ಲಿ ಇರುವಂತೆ ನೋಡಿಕೊಳ್ಳುವುದಕ್ಕೆ, ಕರೆಂಟು ಹೋದಾಗ ನೆರವಾಗುವ ಬ್ಯಾಟರಿಗೆ. ಓದುಗರು ಕೂಡ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಬಹುದು. ರಾತ್ರಿ ಎದೆನೋವಿನಿಂದ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯುವವರು ಇದ್ದಾರೆಯೇ? ಹೆಪ್ಪು ಕರಗಿಸುವ ಚುಚ್ಚುಮದ್ದು ದಾಸ್ತಾನಿನಲ್ಲಿದೆಯೇ? ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುವಿನ ಕಣ್ಣಿನ ತಪಾಸಣೆ ಯಾವ ದಿನ, ಎಲ್ಲಿ ನಡೆಯುತ್ತದೆ? ಪರಿಚಿತರ ಮನೆಯಲ್ಲಿ ಅಂಥ ಶಿಶುವಿದ್ದರೆ, 30 ದಿನಗಳೊಳಗೆ ಅದರ ಕಣ್ಣನ್ನು ತಪ್ಪದೆ ತೋರಿಸುವಂತೆ ಆ ತಾಯಿಗೆ ಇಂದೇ ತಿಳಿಸಿರಿ.